ನಂಜುಂಡ ಪೆಟ್ಟಿಗೆ

ನಮ್ಮ ನಂಜನಗೂಡಿನ ಸ್ವಾಮಿಗೆ ವೈದ್ಯನೆಂಬ ಹೆಸರೂ ಉಂಟು. ಟಿಪ್ಪೂ ಸುಲ್ತಾನನ ಆನೆಯ ಕಣ್ಣುಬೇನೆ ಆತನ ಕೃಪೆಯಿಂದ ವಾಸಿಯಾಯಿತೆಂದೂ, ಅಂದಿನಿಂದ ಆತ ‘ಹಕೀಂ ನಂಜುಂಡ’ನಾದನೆಂದೂ ಪ್ರತೀತಿ. ಆದರೆ ಮೋಟಾರು ಗಾಡಿಯ ಬೇನೆಗೆ ಮನುಷ್ಯ ವೈದ್ಯನನ್ನೇ ಹುಡುಕಬೇಕಷ್ಟೆ. ಆ ಹುಡುಕಾಟದಲ್ಲಿ ನಾನು ಕಳೆದ ಹಣದ ಕಥೆಯನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

ಕಾರಿನ ಹೊಗೆಕೊಳವೆಯಲ್ಲಿ, ಸೈಲೆನ್ಸರಿಗಿಂತ ಮೊದಲೇ, ಒಂದು ಲೋಹದ ಪೆಟ್ಟಿಗೆ ಇರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಅದರ ಹೆಸರು. ಒಳಗೆ ಜೇನುಗೂಡಿನಂತಹ ಪಿಂಗಾಣಿಯ ಗಟ್ಟಿ. ಅದರ ಸಣ್ಣ ಕಂಡಿಗಳ ಗೋಡೆಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೋಹಗಳ ಲೇಪ. ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಇಂಧನದ ಆವಿ, ಸಾರಜನಕದ ಆಕ್ಸೈಡುಗಳು—ಈ ನಂಜನ್ನು ಅದು ನುಂಗಿ, ಬಹುಪಾಲನ್ನು ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕಗಳಾಗಿ ಮಾರ್ಪಡಿಸಿ ಹೊರಬಿಡುತ್ತದೆ. ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲು ಕಾರುಗಳಿಗೆ ಇದು ಕಡ್ಡಾಯವಾದುದು 1995ರಲ್ಲಿ. ಸೀಸ ಬೆರೆತ ಪೆಟ್ರೋಲು ಈ ಲೇಪವನ್ನು ಕೆಡಿಸುತ್ತದೆ. ಸೀಸವಿಲ್ಲದ ಪೆಟ್ರೋಲು ದೇಶದಲ್ಲೆಲ್ಲ ಬಂದುದು 2000ದಲ್ಲಿ.

ನನ್ನ ಕಾರಿನಲ್ಲಿ ಈ ಪೆಟ್ಟಿಗೆ ಮೊದಲ ಸಲ ಕೆಟ್ಟಾಗ, ಹಳೆಯ ಗಾಡಿ, ಆಯಸ್ಸು ತೀರಿತು ಎಂದುಕೊಂಡು ಹೊಸದನ್ನು ಹಾಕಿಸಿದೆ. ಎಂಟು ತಿಂಗಳಿಗೆ ಅದೂ ಹೋಯಿತು. ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟಿದ್ದ ಹಣದಲ್ಲಿ ಇನ್ನೊಂದನ್ನು ಹಾಕಿಸಿದೆ. ಐದು ತಿಂಗಳು ಕಳೆಯುವಷ್ಟರಲ್ಲಿ ಹಳದಿ ದೀಪ ಮತ್ತೆ ಹೊತ್ತಿಕೊಂಡಿತು. ‘ಪಿ0420, ಕನ್ವರ್ಟರ್ ಬದಲಾಯಿಸಬೇಕು’ ಎಂದು ಗ್ಯಾರೇಜಿನವರು ಎಂದಿನ ತೀರ್ಪು ಕೊಟ್ಟರು. ಮನೆಯಾಕೆ ಒಂದೇ ಮಾತು ಕೇಳಿದಳು: “ಮೂರು ಸಲ ಅದೇ ಸತ್ತರೆ, ಕೊಲ್ಲುತ್ತಿರುವವರು ಯಾರು ಅಂತ ಯಾರೂ ನೋಡಲಿಲ್ಲವೆ?”

ನನ್ನಲ್ಲಿ ಉತ್ತರವಿರಲಿಲ್ಲ. ಪಿ0420 ಎಂಬುದು ಪೆಟ್ಟಿಗೆಯ ಕೆಲಸ ಕುಂದಿದೆಯೆಂಬ ಸೂಚನೆ ಮಾತ್ರ; ಏಕೆ ಕುಂದಿತೆಂಬುದನ್ನು ಅದು ಹೇಳದು. ಜ್ವರವಿದೆಯೆಂದು ಥರ್ಮಾಮೀಟರ್ ಹೇಳಿದ ಮಾತ್ರಕ್ಕೆ ರೋಗ ಯಾವುದೆಂದು ತಿಳಿದೀತೆ?

ಮರುವಾರ ತಿರುಮಕೂಡಲು ನರಸೀಪುರದ ನೆಂಟರ ಮನೆಗೆ ಹೊರಟೆವು. ಕಪಿಲೆ ಕಾವೇರಿಯನ್ನು ಸೇರುವ ಆ ಊರು ಹತ್ತಿರವಾಗುತ್ತಿದ್ದಂತೆ ಕಾರು ಮುಗ್ಗರಿಸತೊಡಗಿತು. ದೀಪ ಮಿಣುಕಿತು, ಸ್ವಲ್ಪ ಹೊತ್ತಿಗೆ ಮಿಣುಕು ನಿಂತಿತು. ಹಿಂದೆಯೂ ಹಲವು ಸಲ ಹೀಗಾಗಿತ್ತು. ಮಿಣುಕು ನಿಂತಾಗಲೆಲ್ಲ ನಾನು ಸಂತೋಷಪಟ್ಟಿದ್ದೆ! ಈ ಸಲ ಮಾತ್ರ ಊರ ಅಂಚಿನ ಸಣ್ಣ ಗ್ಯಾರೇಜಿನ ಮುಂದೆ ನಿಲ್ಲಿಸಿದೆ.

“ಆಫ್ ಮಾಡ್ಬೇಡಿ ಸಾರ್, ಬಿಸಿ ಇರ್ಲಿ,” ಎಂದ ಅಲ್ಲಿನ ಮೆಕ್ಯಾನಿಕ್. ನಾನು ಗಾಡಿಯನ್ನು ಯಾವಾಗಲೂ ಸಂಜೆ ಬಿಟ್ಟು ಬರುತ್ತಿದ್ದೆ. ಅವರು ಬೆಳಿಗ್ಗೆ ತಣ್ಣನೆಯ ಎಂಜಿನ್ನನ್ನು ಪರೀಕ್ಷಿಸುತ್ತಿದ್ದರು. ಕಳ್ಳ ಬರುವುದು ಬಿಸಿಯಾದ ಮೇಲೆ! ಇವನ ಉಪಕರಣದಲ್ಲಿ ಪಿ0303 ಎಂದು ಬಂತು. “ಮೂರನೇ ಸಿಲಿಂಡರ್ ಮಿಸ್ಸಿಂಗ್ ಹೊಡೀತಿದೆ” ಎಂದವನೇ ಎಂಜಿನ್ ನಿಲ್ಲಿಸಿ, ಆ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಕಿತ್ತು ಒಂದನೆಯದಕ್ಕೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ಕೂರಿಸಿದ. ಕೋಡನ್ನು ಅಳಿಸಿ, ಸಂಗಮದವರೆಗೆ ಹೋಗಿ ಬಂದೆವು. ಈಗ ಪಿ0301! ರೋಗ ಕಾಯಿಲಿನ ಜೊತೆಯಲ್ಲೇ ಸ್ಥಳ ಬದಲಾಯಿಸಿತ್ತು. ಪ್ಲಗ್ಗಿನದೋ ಇಂಧನ ಚಿಮ್ಮುವ ಇಂಜೆಕ್ಟರಿನದೋ ದೋಷವಾಗಿದ್ದರೆ ಅದು ಮೂರರಲ್ಲೇ ಉಳಿಯುತ್ತಿತ್ತು.

ಕಾಯಿಲು ಬಿಸಿಯಾದಾಗ ಕಿಡಿ ತಪ್ಪುತ್ತದೆ. ಉರಿಯದ ಪೆಟ್ರೋಲು ಕೊಳವೆಗೆ ಇಳಿದು ಪೆಟ್ಟಿಗೆಯೊಳಗೇ ಉರಿಯುತ್ತದೆ. ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪ ಹಾಳಾಗುತ್ತದೆ. ಸುಮಾರು 1,450ಕ್ಕೆ ಪಿಂಗಾಣಿಯೇ ಕರಗುತ್ತದೆ. ಮಿಣುಕುವ ದೀಪದ ಅರ್ಥ ಇದೇ: ಪೆಟ್ಟಿಗೆ ಈಗ ಸಾಯುತ್ತಿದೆ, ಗಾಡಿ ನಿಲ್ಲಿಸಿ.

ಆತ ಪೆಟ್ಟಿಗೆಯನ್ನು ಬಿಚ್ಚಿ ತೋರಿಸಿದ. ಒಂದು ಬದಿಯ ಕಂಡಿಗಳೆಲ್ಲ ಆಲೆಮನೆಯಲ್ಲಿ ಸುರಿದ ಬೆಲ್ಲದಂತೆ ಕರಗಿ ಮುಚ್ಚಿಕೊಂಡಿದ್ದವು. ಎಂಜಿನ್ ಆಯಿಲ್ ಕುಡಿಯುವ ಗಾಡಿಯಾದರೆ ಹೀಗೆ ಕರಗಿರದು, ಬೂದಿ ಕವಿದಿರುತ್ತದೆ ಎಂದ; ತಳ ಕಲ್ಲಿಗೆ ತಾಗಿದ್ದರೆ ಗಟ್ಟಿ ಒಡೆದು ಗಲಗಲ ಎನ್ನುತ್ತದೆ. ಸತ್ತ ಪೆಟ್ಟಿಗೆಯ ಮುಖ ನೋಡಿದರೆ ಕೊಂದವನ ಗುರುತು ಸಿಗುತ್ತದೆಯೆಂದಾಯಿತು. ಮೊದಲೆರಡನ್ನು ನಾನು ಕಣ್ಣಿನಿಂದಲೂ ನೋಡಿರಲಿಲ್ಲ; ಹಾಕಿಸಿದಲ್ಲೇ ಬಿಟ್ಟು ಬಂದಿದ್ದೆ. ಒಳಗಿನ ಲೋಹಕ್ಕೆ ಗುಜರಿಯಲ್ಲೂ ಒಳ್ಳೆಯ ಬೆಲೆಯಿದೆಯೆಂದು ತಿಳಿದಾಗ ಹೊಟ್ಟೆ ಉರಿಯಿತೆಂದು ಬೇರೆ ಹೇಳಬೇಕೆ?

ಮೂರನೆಯ ಸಲವೂ ಹೊಸ ಪೆಟ್ಟಿಗೆ ಕೊಳ್ಳುವುದು ತಪ್ಪಲಿಲ್ಲ. ಆದರೆ ಮೊದಲು ಹೊಸ ಕಾಯಿಲು ಹಾಕಿ, ಎರಡು ದಿನ ಬಿಸಿಲಿನಲ್ಲಿ ಓಡಿಸಿ ನೋಡಿ, ಆಮೇಲೆ ಅದನ್ನು ಕೂರಿಸಿದ. ಕಾಯಿಲಿನ ಬೆಲೆ ಪೆಟ್ಟಿಗೆಯ ಬೆಲೆಯ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಇದಾಗಿ ಎರಡು ವರ್ಷವಾಯಿತು, ದೀಪ ಹೊತ್ತಿಲ್ಲ. ಕರಗಿದ ಪೆಟ್ಟಿಗೆ ನಮ್ಮ ಅಟ್ಟದ ಮೇಲಿದೆ. ಗುಜರಿಗೆ ಹಾಕಲು ಮನೆಯಾಕೆ ಇನ್ನೂ ಒಪ್ಪಿಲ್ಲ.