ಕಲಾ ವಿದ್ಯಾರ್ಥಿಗೆ ಪ್ರಯೋಗಶಾಲೆ ಬೇಡವೇ?

ವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯುಂಟು. ಗಾಜಿನ ನಳಿಕೆಗಳುಂಟು, ತಕ್ಕಡಿಗಳುಂಟು. ಕಲಾ ವಿದ್ಯಾರ್ಥಿಗಳಾದ ನಮಗೇನುಂಟು? ಬೆಂಚು, ಕಪ್ಪುಹಲಗೆ, ಪರೀಕ್ಷೆಯ ಹಿಂದಿನ ವಾರ ಕೈಯಿಂದ ಕೈಗೆ ಹರಿದಾಡುವ ನೋಟ್ಸು! ಈ ಕೊರತೆಯನ್ನು ನೀಗಲೆಂದೇ ನಮ್ಮ ಸಮಾಜಶಾಸ್ತ್ರದ ಅಧ್ಯಾಪಕರು ಗ್ರಂಥಾಲಯದ ಹಿಂದಿನ ಕೊಠಡಿಯಲ್ಲಿ ಯುವಜನರ ಅಧ್ಯಯನಕ್ಕೆಂದು ಒಂದು ಪ್ರಯೋಗಶಾಲೆಯನ್ನು ತೆರೆದು, ಅದರ ಮೇಲ್ವಿಚಾರಣೆಯನ್ನು ವಿದ್ಯಾರ್ಥಿಗಳಿಗೇ ಬಿಟ್ಟರು. ಈ ವರ್ಷ ಆ ಹೊಣೆ ನನ್ನ ಪಾಲಿಗೆ ಬಂದಿತು. ಅಲ್ಲಿರುವುದು ಎರಡು ಮೇಜು, ಬೀಗವಿರುವ ಒಂದು ಬೀರು, ಒಂದು ಹಳೆಯ ಕಂಪ್ಯೂಟರು, ಅಷ್ಟೆ. “ಇದೂ ಒಂದು ಲ್ಯಾಬೇ?” ಎಂದು ನಕ್ಕ ಮಿತ್ರರುಂಟು. ಅವರಿಗೆ ಉತ್ತರವಾಗಿ ಈ ನಾಲ್ಕು ಮಾತು.

ಪಿ.ಯು.ಸಿ. ಮುಗಿಸಿದ ಬಳಿಕ ಓದು ನಿಲ್ಲಿಸಿದ ಸುತ್ತಲ ಹಳ್ಳಿಗಳ ತರುಣ ತರುಣಿಯರು ಏಕೆ ನಿಲ್ಲಿಸಿದರೆಂಬುದು ನಮ್ಮ ಪ್ರಶ್ನೆ. ಹಳ್ಳಿಗೇಕೆ ಅಲೆಯಬೇಕು, ಪ್ರಶ್ನೆಗಳನ್ನು ಫೋನಿನಲ್ಲಿ ಕಳುಹಿಸಿದರೆ ಸಾಲದೇ ಎಂದು ಕೆಲವರು ವಾದಿಸಿದರು. ಸುಲಭವೇನೋ ಹೌದು. ಆದರೆ ಆ ಪ್ರಶ್ನೆಗಳು ತಲುಪುವುದು ಯಾರನ್ನು? ಗ್ರಾಮಾಂತರದ 14ರಿಂದ 18 ವರ್ಷದವರನ್ನು ಕುರಿತ 2023ರ ‘ಅಸರ್’ ಸಮೀಕ್ಷೆ 34,745 ಮಂದಿಯನ್ನು ಮನೆಮನೆಗೆ ಹೋಗಿ ಕಂಡಿತು. ಸ್ಮಾರ್ಟ್‌ಫೋನನ್ನು ಬಳಸಬಲ್ಲವರಲ್ಲಿ ಸ್ವಂತ ಫೋನುಳ್ಳ ಹುಡುಗರು ನೂರಕ್ಕೆ ಸುಮಾರು 44. ಹುಡುಗಿಯರು ಸುಮಾರು 20 ಮಾತ್ರ. ಫೋನನ್ನೇ ನಂಬಿದ್ದರೆ ಅಣ್ಣಂದಿರ ಉತ್ತರ ಬರುತ್ತಿತ್ತು, ತಂಗಿಯರದು ಬರುತ್ತಿರಲಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆನ್ನುತ್ತಾರೆ. ಒಂದೇ ಪಾತ್ರೆ, ಒಂದೇ ಉರಿ ಇದ್ದಾಗ ಆ ಮಾತು ಸರಿ. ನಮ್ಮ ಹಳ್ಳಿಗಳಲ್ಲಿ ಅಣ್ಣನ ಒಲೆ ಬೇರೆ, ತಂಗಿಯ ಒಲೆ ಬೇರೆ.

ಇನ್ನೊಂದು ಸಂಗತಿಯನ್ನು ಹೇಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಒಂದು ಸಂಜೆ ಬೀರುವಿನಲ್ಲಿ ಹಾಳೆಗಳನ್ನು ಜೋಡಿಸುತ್ತಿದ್ದಾಗ ಹನ್ನೆರಡು ಹಾಳೆಗಳಲ್ಲಿ ಒಂದೇ ಶಾಯಿ, ಒಂದೇ ಕೈಬರಹ, ಒಂದೇ ಉತ್ತರ ಕಂಡವು: “ಬಡತನ.” ಅವನ್ನು ತಂದವನು ನನ್ನ ಆಪ್ತ ಗೆಳೆಯ. ಕೇಳಿದಾಗ ಅವನು ಮರೆಮಾಚಲಿಲ್ಲ. ಬಸ್ಸು ಸಿಕ್ಕಲಿಲ್ಲ, ಕೈಯಲ್ಲಿ ಆಟೋಗೆ ಕಾಸಿರಲಿಲ್ಲ. ಬಸ್ ನಿಲ್ದಾಣದಲ್ಲೇ ಕುಳಿತು ತುಂಬಿಸಿದ್ದ. “ಹೋಗಿ ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತಲ್ಲ?” ಎಂದ. ಎರಡು ದಿನ ನಾನು ಸುಮ್ಮನಿದ್ದೆ. ಸ್ನೇಹವೂ ತಡೆಯಿತು, ಸಂಖ್ಯೆ ಕಡಿಮೆಯಾದೀತೆಂಬ ಆಸೆಯೂ ತಡೆಯಿತು. ಮೂರನೆಯ ದಿನ ಅವನನ್ನೇ ಕರೆದುಕೊಂಡು ಅಧ್ಯಾಪಕರ ಬಳಿ ಹೋದೆ. ಅವರು ಗದರಿಸಲಿಲ್ಲ, ಹನ್ನೆರಡನ್ನೂ ರದ್ದುಮಾಡಿ, “ಮತ್ತೆ ಹೋಗಿ ಬನ್ನಿ” ಎಂದರು.

ಇಬ್ಬರು ಸಹಪಾಠಿನಿಯರೊಡನೆ ಮತ್ತೆ ಹೋದೆವು. ಮೊದಲನೆಯ ಮನೆಯ ಹುಡುಗಿ ನಮ್ಮ ಗೆಳತಿಯರ ಮುಂದೆ ಹೇಳಿದ್ದಿಷ್ಟು: ಮನೆಯಲ್ಲಿ ದುಡ್ಡಿಗೆ ಕೊರತೆಯಿಲ್ಲ, ಕಾಲೇಜು ಮುಗಿದ ಮೇಲೆ ಸಿಗುವ ಬಸ್ಸು ಊರು ಸೇರುವಷ್ಟರಲ್ಲಿ ಕತ್ತಲಾಗುತ್ತದೆ, ಅಪ್ಪ ಬೇಡವೆಂದರು. 2023ರ ಜೂನ್‌ನಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟು ಉಚಿತವಾಯಿತು, ನಿಜ. ಆದರೆ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೇಟಿನಿಂದ ಫಲವೇನು? ನಮ್ಮ ಹಾಳೆಯಲ್ಲಿ ಬಸ್ಸಿನ ವೇಳೆಗೆ ಒಂದು ಕಲಮೂ ಇರಲಿಲ್ಲ. ಸುಳ್ಳು ಹಾಳೆಗಳು ಉಳಿದಿದ್ದರೆ ಆ ಕಾರಣ ನಮಗೆ ತಿಳಿಯುತ್ತಲೇ ಇರಲಿಲ್ಲ. ನನ್ನ ಗೆಳೆಯ ಅಲ್ಲೇ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ.

ಬರೆದದ್ದನ್ನು ಕಾಪಾಡುವುದೂ ಈ ಕೆಲಸದ ಒಂದು ಭಾಗವೇ. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಹಳ್ಳಿಯೊಂದರಲ್ಲಿ ನೆಲೆಸಿ ಸಂಗ್ರಹಿಸಿದ್ದರ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಅವರು ಎದೆಗುಂದದೆ ನೆನಪಿನ ಬಲದಿಂದ ಬರೆದ ಗ್ರಂಥ 1976ರಲ್ಲಿ ಹೊರಬಂದಿತು. ಅಂಥ ನೆನಪು ನಮಗಿಲ್ಲ. ಆದುದರಿಂದ ಪ್ರತಿಗಳನ್ನು ಬೇರೆ ಬೇರೆ ಕಡೆ ಇಡುತ್ತೇವೆ. ಹೆಸರುಗಳ ಪಟ್ಟಿಗೆ ಮಾತ್ರ ಬೀಗವೇ ಗತಿ. ಆ ಹುಡುಗಿ ನಂಬಿ ಹೇಳಿದ ಮಾತು ಅವಳ ಊರಿಗೆ ಚಾಡಿಯಾಗಿ ಮರಳಬಾರದು.

ಕಾಲೇಜಿನ ಹಿರಿಯರಲ್ಲಿ ನನ್ನ ಬಿನ್ನಹ ಮೂರು. ಸಮೀಕ್ಷೆಗೆ ಹೋಗುವವರಿಗೆ ದಾರಿಖರ್ಚನ್ನಾದರೂ ಕೊಡಿಸಿರಿ. ಬರಿಗೈಯಲ್ಲಿ ಕಳುಹಿಸಿ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಪ್ರತಿ ತಂಡದಲ್ಲಿಯೂ ವಿದ್ಯಾರ್ಥಿನಿಯರಿರಲಿ. ನಾವು ಕಂಡುಕೊಂಡದ್ದನ್ನು, ಹೆಸರುಗಳನ್ನು ಬಿಟ್ಟು, ಆಯಾ ಹಳ್ಳಿಯಲ್ಲಿಯೇ ಓದಿ ಹೇಳುವ ಏರ್ಪಾಡಾಗಲಿ. ಬಸ್ಸಿನ ವೇಳೆಗಾಗಿ ಅರ್ಜಿ ಬರೆಯಲು ಆ ಊರಿನವರಿಗೆ ಅದು ನೆರವಾದೀತು.

ನಕ್ಕ ಮಿತ್ರರು ಒಂದು ಸಂಜೆ ನಮ್ಮ ಕೊಠಡಿಗೆ ಬರಲಿ. ನಳಿಕೆಗಳು ಅಲ್ಲಿ ಕಾಣಲಾರವು. ರದ್ದಾದ ಆ ಹನ್ನೆರಡು ಹಾಳೆಗಳನ್ನು ಮಾತ್ರ, ಮುಂದೆ ಬರುವವರು ನೋಡಲೆಂದು, ಹಾಗೆಯೇ ಇಟ್ಟಿದ್ದೇವೆ.