ಸೇವೆಯ ನಾಯಿಯೂ ಸಾಂತ್ವನದ ನಾಯಿಯೂ

ಹೋದ ವರ್ಷದ ರಜೆಯ ಕಾಲದಲ್ಲಿ ಕುಮಟೆಯಿಂದ ಭಟ್ಕಳಕ್ಕೆ ಹೋಗುತ್ತಿರುವಾಗ ದಾರಿಯಲ್ಲಿ ಒಂದು ಉಪಾಹಾರಗೃಹವನ್ನು ಹೊಕ್ಕು ಕುಳಿತಿದ್ದೆನು. ಜೊತೆಯಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರಿದ್ದರು. ಅವರಿಗೆ ಎರಡೂ ಕಣ್ಣು ಕಾಣಿಸದು. ಬಿಳಿಯ ಕೋಲೇ ಅವರ ದಾರಿಯ ಸಂಗಾತಿ. ಆಗ ದೂರದೂರಿನ ಪ್ರವಾಸಿಗರೊಬ್ಬರು ಒಂದು ಪುಟ್ಟ ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಬಂದರು. ಯಜಮಾನನು ಕೈ ಅಡ್ಡಹಿಡಿದನು. ಅವರು, "ಇದು ನನ್ನ ಮನಸ್ಸಿನ ನೆಮ್ಮದಿಗಾಗಿ ಇರತಕ್ಕ ಪ್ರಾಣಿ, ಇದನ್ನು ತಡೆಯುವ ಅಧಿಕಾರ ನಿಮಗಿಲ್ಲ" ಎಂದು ದಬಾಯಿಸಿ, ಅಂತರ್ಜಾಲದಲ್ಲಿ ಹಣಕೊಟ್ಟು ತರಿಸಿದ್ದೆಂದು ತಾವೇ ಹೇಳುತ್ತ ಒಂದು ಪ್ರಮಾಣಪತ್ರವನ್ನು ಮುಂದೆ ಹಿಡಿದರು. ಯಜಮಾನನು ಬೆದರಿ ದಾರಿ ಬಿಟ್ಟನು. ಸ್ವಲ್ಪ ಹೊತ್ತಿನಲ್ಲಿಯೇ ಆ ನಾಯಿಯು ಕುರ್ಚಿಯಿಂದ ಹಾರಿ ಪಕ್ಕದ ಮಗುವಿನ ತಟ್ಟೆಗೆ ಬಾಯಿ ಹಾಕಿತು. ಮಗುವು ಚೀರಿತು, ಮನೆಯವರು ಉಣ್ಣುವುದನ್ನು ಬಿಟ್ಟೆದ್ದರು. ಪ್ರವಾಸಿಗರು ಹೊರಟುಹೋದ ಮೇಲೆ ಯಜಮಾನನು ಎಲ್ಲರಿಗೂ ಕೇಳಿಸುವಂತೆ, "ಇನ್ನು ಮೇಲೆ ಯಾವ ನಾಯಿಯೂ, ಯಾರ ನಾಯಿಯೂ ಈ ಹೊಸ್ತಿಲನ್ನು ದಾಟಕೂಡದು" ಎಂದು ಸಾರಿದನು. ನನ್ನ ಸ್ನೇಹಿತರು ಮೆಲ್ಲನೆ ಹೇಳಿದರು: "ನಾಳೆ ನನಗೆ ದಾರಿ ತೋರುವ ನಾಯಿಯೊಂದು ದೊರೆತರೆ, ಅದರ ಬಾಗಿಲು ಇಂದೇ ಮುಚ್ಚಿತಲ್ಲ!"

ವಾಚಕರೇ, ಈ ಲೇಖನವನ್ನು ನಾನು ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಸೇವೆಯ ನಾಯಿ ಬೇರೆ, ಸಾಂತ್ವನದ ನಾಯಿ ಬೇರೆ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ನಷ್ಟವಾಗುವುದು ಪ್ರವಾಸಿಗರಿಗಲ್ಲ. ಅವರು ಬೇರೊಂದು ಊರಿಗೆ ಹೋದಾರು. ನಷ್ಟವಾಗುವುದು ಬೇರೆ ದಾರಿಯೇ ಇಲ್ಲದ ಅಂಧರಿಗೆ.

ಸೇವೆಯ ನಾಯಿಯೆಂದರೆ ಏನು? ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್ ಎಂಬ ಪಟ್ಟಣದಲ್ಲಿ 1916ರಲ್ಲಿ ಇಂಥ ನಾಯಿಗಳ ಶಾಲೆಯೊಂದು ಸ್ಥಾಪಿತವಾಯಿತು. ಅಮೆರಿಕೆಯಲ್ಲಿ 1929ರಲ್ಲಿ 'ಸೀಯಿಂಗ್ ಐ' ಎಂಬ ಸಂಸ್ಥೆಯು ಹುಟ್ಟಿತು. ಮರಿಯನ್ನು ಮೊದಲು ಸುಮಾರು ಒಂದು ವರ್ಷ ಒಂದು ಸಂಸಾರದಲ್ಲಿಟ್ಟು ಜನ, ಗದ್ದಲ, ವಾಹನಗಳಿಗೆ ಬೆದರದಂತೆ ಬೆಳೆಸುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಮೆಟ್ಟಿಲು ಬಂದರೆ ನಿಲ್ಲುವುದು, ಹೊಂಡವನ್ನು ಬಳಸಿ ನಡೆಯುವುದು, ತಲೆಗೆ ತಾಕುವ ಕೊಂಬೆಯಿದ್ದರೆ ಯಜಮಾನನನ್ನು ತಪ್ಪಿಸಿ ಒಯ್ಯುವುದು, ಇವೆಲ್ಲ ಅದರ ಪಾಠಗಳು. ಇವೆಲ್ಲಕ್ಕೂ ಮಿಗಿಲಾದ ಪಾಠವೊಂದುಂಟು. ಯಜಮಾನನು "ನಡೆ" ಎಂದು ಅಪ್ಪಣೆ ಕೊಟ್ಟರೂ ಎದುರಿಗೆ ವಾಹನ ಬರುತ್ತಿದ್ದರೆ ಅದು ನಡೆಯದು. ಅವನ ಪ್ರಾಣಕ್ಕಾಗಿ ಅವನ ಮಾತನ್ನು ಮೀರುವುದು. ನಮ್ಮ ಮೂರು ತಾಲೂಕುಗಳನ್ನು ಸೀಳಿಕೊಂಡು ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಕಣ್ಣುಳ್ಳವರೇ ದಾಟಲಾರದೆ ನಿಲ್ಲುವುದನ್ನು ಕಂಡವರಿಗೆ ಈ ವಿದ್ಯೆಯ ಬೆಲೆ ತಿಳಿದೀತು. ಕಾರ್ಯದಲ್ಲಿರುವಾಗ ಅದನ್ನು ಅನ್ಯರು ತಡವಬಾರದು, ಕರೆಯಬಾರದು, ತಿಂಡಿ ಹಾಕಬಾರದು. ಅದು ಆ ಮನುಷ್ಯನ ಕಣ್ಣು. ಅನ್ಯರ ಕಣ್ಣಿಗೆ ನಾವು ಕೈ ಹಾಕುವುದುಂಟೆ?

ಸಾಂತ್ವನದ ಪ್ರಾಣಿಯಾದರೋ ಇಂಥ ಯಾವ ವಿದ್ಯೆಯನ್ನೂ ಕಲಿತುದಲ್ಲ. ಅದರ ಸಾನ್ನಿಧ್ಯವೇ ಅದರ ಉಪಕಾರ. ಇದನ್ನು ನಾನು ಹಗುರವಾಗಿ ಎಣಿಸುವವನಲ್ಲ. ಒಂಟಿಯಾದ ಮುದುಕಿಗೆ ಬೆಕ್ಕೊಂದು ಮಡಿಲಲ್ಲಿ ಮಲಗಿದರೆ ಆಗುವ ನೆಮ್ಮದಿಯನ್ನು ಔಷಧವು ಕೊಡಲಾರದು. ಮನೆಯಲ್ಲಿ, ತೋಟದಲ್ಲಿ, ಮಾಲಿಕನು ಒಪ್ಪಿದ ಬಿಡಾರದಲ್ಲಿ ಅದು ಸುಖವಾಗಿರಲಿ. ಆದರೆ ನನಗೆ ಸುಖಕರವಾದುದೆಲ್ಲವೂ ಇತರರ ಮೇಲೆ ನನ್ನ ಹಕ್ಕಾಗಲಾರದು.

ಇಲ್ಲಿ ಒಂದು ಆಕ್ಷೇಪವು ಏಳುವುದುಂಟು: "ಕಣ್ಣಿನ ರೋಗವು ರೋಗ, ಮನಸ್ಸಿನ ರೋಗವು ರೋಗವಲ್ಲವೋ?" ಎಂದು. ಅವಶ್ಯವಾಗಿ ಅದೂ ರೋಗವೇ. 2016ರ ನಮ್ಮ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಎಣಿಸಿರುವ 21 ವೈಕಲ್ಯಗಳಲ್ಲಿ ಮಾನಸಿಕ ಅಸ್ವಾಸ್ಥ್ಯವೂ ಒಂದು. ಹಠಾತ್ತಾಗಿ ಭಯೋನ್ಮಾದವು ಕವಿಯುವವನ ಲಕ್ಷಣಗಳನ್ನು ಮುಂಚಿತವಾಗಿ ಅರಿತು ಅವನನ್ನು ಎಚ್ಚರಿಸುವಂತೆಯೂ, ಗುಂಪಿನಿಂದ ಆಚೆಗೆ ಕರೆದೊಯ್ಯುವಂತೆಯೂ ಕಲಿಸಿದ ನಾಯಿಗಳಿವೆ. ಅವು ಸೇವೆಯ ನಾಯಿಗಳೇ ಸರಿ. ಆದುದರಿಂದ ನಾನು ಹೇಳುವ ಗೆರೆಯು ಕಣ್ಣಿಗೂ ಮನಸ್ಸಿಗೂ ನಡುವೆ ಎಳೆದುದಲ್ಲ. ಕಲಿತು ಮಾಡುವ ಕೆಲಸಕ್ಕೂ ಬರಿಯ ಸಂಗಕ್ಕೂ ನಡುವಿನ ಗೆರೆ ಅದು.

ಈ ಗೆರೆಯನ್ನು ಅಳಿಸಿದರೆ ಏನಾಗುವುದೆಂಬುದಕ್ಕೆ ಅಮೆರಿಕೆಯೇ ಸಾಕ್ಷಿ. ಅಲ್ಲಿ 1990ರಲ್ಲಿ ಅಂಗವಿಕಲರ ಕಾಯಿದೆಯು ಬಂದಿತು. 2011ರಿಂದ ಜಾರಿಗೆ ಬಂದ ನಿಯಮಗಳಲ್ಲಿ, ವೈಕಲ್ಯವುಳ್ಳವನಿಗಾಗಿ ಕೆಲಸವೊಂದನ್ನು ಮಾಡಲು ಕಲಿಸಿದ ನಾಯಿಯೇ ಸೇವಾಪ್ರಾಣಿ, ಬರಿಯ ಸಾಂತ್ವನವು ಸೇವೆಯಾಗದು ಎಂದು ಸ್ಪಷ್ಟಪಡಿಸಿದರು. ಆದರೆ ವಿಮಾನಗಳ ಮಟ್ಟಿಗೆ ಬೇರೆ ನಿಯಮವಿದ್ದು, ಸಾಂತ್ವನದ ಪ್ರಾಣಿಗಳಿಗೂ ಆಸ್ಪದವಿತ್ತು. ಆ ಸಂದಿನಿಂದ ನುಗ್ಗಿದ ಮೆರವಣಿಗೆಯನ್ನು ಏನೆಂದು ಬಣ್ಣಿಸಲಿ! 2018ರ ಜನವರಿಯಲ್ಲಿ ನೆವಾರ್ಕ್ ವಿಮಾನನಿಲ್ದಾಣಕ್ಕೆ ಒಬ್ಬಾಕೆ ನವಿಲನ್ನೇ ಸಾಂತ್ವನದ ಪ್ರಾಣಿಯೆಂದು ತಂದರು, ವಿಮಾನದವರು ಹತ್ತಿಸಿಕೊಳ್ಳಲಿಲ್ಲ. ನಕ್ಕವರು ನಕ್ಕರು. ಆದರೆ ಆ ನಗೆಯ ಮರುದಿನ ನಿಜವಾದ ಮಾರ್ಗದರ್ಶಿ ನಾಯಿಯೊಡನೆ ಬಂದ ಅಂಧನನ್ನು ದ್ವಾರಪಾಲಕನು ಯಾವ ಕಣ್ಣಿನಿಂದ ನೋಡಿಯಾನು? ಕೊನೆಗೆ 2020ರ ಡಿಸೆಂಬರದಲ್ಲಿ ನಿಯಮವನ್ನು ಬದಲಿಸಬೇಕಾಯಿತು. 2021ರ ಜನವರಿಯಿಂದ ಸಾಂತ್ವನದ ಪ್ರಾಣಿಯನ್ನು ಸೇವಾಪ್ರಾಣಿಯೆಂದು ಎಣಿಸುವ ಬಾಧ್ಯತೆಯು ವಿಮಾನ ಕಂಪನಿಗಳಿಗೆ ಉಳಿಯಲಿಲ್ಲ.

ನಮ್ಮ ದೇಶದ ಸ್ಥಿತಿಯಾದರೂ ಏನು? 2016ರ ಕಾಯಿದೆಯು ವೈಕಲ್ಯವುಳ್ಳವರಿಗೆ ಸಮಾನತೆಯನ್ನೂ ಯುಕ್ತವಾದ ಅನುಕೂಲವನ್ನೂ ವಾಗ್ದಾನ ಮಾಡಿರುವುದು. ಆದರೆ ಸೇವಾಪ್ರಾಣಿಯ ಲಕ್ಷಣವನ್ನು ಅದರಲ್ಲಿ ಹೇಳಿಲ್ಲ. ರೈಲಿನಲ್ಲಿ ನಾಯಿಯನ್ನು ಮೊದಲನೆಯ ತರಗತಿಯ ಪ್ರತ್ಯೇಕ ಕೋಣೆಯಲ್ಲಿ ಒಯ್ಯಬಹುದು, ಇಲ್ಲವೆ ಗಾರ್ಡನ ಡಬ್ಬಿಯ ಪೆಟ್ಟಿಗೆಯಲ್ಲಿಡಬಹುದು. ಆ ಬೆಲೆಯನ್ನು ತೆರುವುದು ಸಾಕಿದವರ ಭಾಗ್ಯ. ಬಸ್ಸಿನಲ್ಲಿ ಪ್ರಾಣಿಯು ಟಿಕೇಟಿನ ಲೆಕ್ಕ: 2024ರ ಮಾರ್ಚಿಯಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರಾಜ್ಯ ಸಾರಿಗೆಯ ಬಸ್ಸಿನಲ್ಲಿ ಹೋದ ಅಜ್ಜಿ-ಮೊಮ್ಮಗಳಿಗೆ ಶಕ್ತಿ ಯೋಜನೆಯ ಪುಕ್ಕಟೆ ಟಿಕೇಟು, ಅವರ ಪಂಜರದ ನಾಲ್ಕು ಹಕ್ಕಿಗಳಿಗೆ 444 ರೂಪಾಯಿ! ಹಕ್ಕಿಗೆ ಟಿಕೇಟು ತೆಗೆದರೆ ಯಾರೂ ಸಾಯರು. ಆದರೆ ದುಡಿದು ತಿನ್ನುವ ಬಡ ಅಂಧನ ಕಣ್ಣಿಗೂ ಟಿಕೇಟು ಹರಿಯುವುದು ನ್ಯಾಯವೆ?

ಇದರ ಮೇಲೆ ಈಗ ಇನ್ನೊಂದು ಸಂಗತಿಯು ಸೇರಿದೆ. 2025ರ ನವೆಂಬರ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ಸು ಮತ್ತು ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆದು ಮರಳಿ ಅಲ್ಲಿಯೇ ಬಿಡದಿರಬೇಕೆಂದು ಆಜ್ಞೆ ಮಾಡಿತು. ಕಚ್ಚಿಸಿಕೊಂಡ ಮಕ್ಕಳ ನೋವನ್ನು ಬಲ್ಲವರು ಇದನ್ನು ಅನ್ಯಾಯವೆನ್ನರು. ಆಜ್ಞೆಯು ಬೀದಿನಾಯಿಗಳನ್ನು ಕುರಿತದ್ದು. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಕೋಲು ಹಿಡಿದು ನಿಂತ ಕಾವಲುಗಾರನಿಗೆ ಆಜ್ಞೆಯ ಅಕ್ಷರ ಯಾರು ಓದಿ ಹೇಳುವರು? ಅವನ ಕಿವಿಗೆ ಬೀಳುವುದು "ನಾಯಿ" ಎಂಬ ಎರಡಕ್ಷರ ಮಾತ್ರ. ಒಂದು ಕಡೆ ಬೀದಿನಾಯಿಯ ಭಯ, ಇನ್ನೊಂದು ಕಡೆ ಪ್ರವಾಸಿಗರ ಮುದ್ದಿನ ನಾಯಿಯ ದರ್ಪ. ಇವೆರಡರ ನಡುವೆ ಅಂಧನ ನಾಯಿಯು ಹೇಳಹೆಸರಿಲ್ಲದಂತಾಗುವ ಕಾಲ ಬಂದಿದೆ.

ಶುಚಿತ್ವದ ಪ್ರಶ್ನೆಯನ್ನೂ ನಾನು ಮರೆಮಾಚಲಾರೆ. ನಮ್ಮ ಕಡೆಯಲ್ಲಿ ಮಡಿಯ ಮನೆಗಳಲ್ಲಿ ನಾಯಿಗೆ ಅಂಗಳವೇ ಮೇರೆ. ಭಟ್ಕಳದ ನವಾಯತ ಬಂಧುಗಳು ಶಾಫಿ ಸಂಪ್ರದಾಯದವರು. ನಾಯಿಯ ಜೊಲ್ಲು ತಾಕಿದುದನ್ನು ಏಳು ಸಲ, ಅದರಲ್ಲಿ ಒಂದು ಸಲ ಮಣ್ಣಿನಿಂದ, ತೊಳೆಯಬೇಕೆಂಬುದು ಅವರ ವಿಧಿ. ಇಂಥವರ ಮಧ್ಯದಲ್ಲಿ ತಟ್ಟೆಗೆ ಬಾಯಿಹಾಕುವ ಮುದ್ದಿನ ನಾಯಿಯನ್ನು "ನನ್ನ ಹಕ್ಕು" ಎಂದು ತಂದು ಕೂರಿಸುವುದು ಸೌಜನ್ಯವಲ್ಲ. ಆದರೆ ಇವೇ ಧರ್ಮಗಳು ಸೇವೆಯ ನಾಯಿಯನ್ನು ಹೊರದೂಡಿವೆಯೆಂದು ಹೇಳುವವರು ತಮ್ಮ ಗ್ರಂಥಗಳನ್ನು ತಿರುವಿ ನೋಡಲಿ. ಕಲಿಸಿದ ಬೇಟೆಪ್ರಾಣಿಗಳು ಹಿಡಿದುದು ಭಕ್ಷ್ಯವೆಂದು ಕುರಾನಿನ ಐದನೆಯ ಅಧ್ಯಾಯವು ಒಪ್ಪಿದೆ. ಕಲಿತುದಕ್ಕೂ ಕಲಿಯದುದಕ್ಕೂ ಇರುವ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ಗುಹೆಯಲ್ಲಿ ನಿದ್ರಿಸಿದ ಸಜ್ಜನರ ಬಾಗಿಲು ಕಾಯ್ದ ನಾಯಿಯ ಕಥೆಯು ಹದಿನೆಂಟನೆಯ ಅಧ್ಯಾಯದಲ್ಲಿದೆ. ಇಂಗ್ಲಂಡದ ಲೆಸ್ಟರ್ ಪಟ್ಟಣದ ಮಸೀದಿಯೊಂದು 2008ರಲ್ಲಿ ಅಂಧ ತರುಣನ ಮಾರ್ಗದರ್ಶಿ ನಾಯಿಗೆ ತನ್ನ ಆವರಣದಲ್ಲಿ ಪ್ರತ್ಯೇಕ ಸ್ಥಳವನ್ನು ಕೊಟ್ಟಿತು.

ಇನ್ನು ಮಹಾಭಾರತವನ್ನು ನೋಡಿರಿ. ಅದರ ಕೊನೆಯಲ್ಲಿ ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬಾರೆನೆಂದುದನ್ನು ಎಲ್ಲರೂ ಬಲ್ಲರು. ಸಾಂತ್ವನದ ನಾಯಿಯ ಪಕ್ಷದವರಿಗೂ ಆ ಕಥೆಯು ಪ್ರಿಯವಾದೀತು. ಆದರೆ ಅದರ ಆರಂಭದಲ್ಲಿಯೇ ಇನ್ನೊಂದು ನಾಯಿಯುಂಟೆಂಬುದನ್ನು ಬಹುಜನರು ಮರೆತಿರುವರು. ಜನಮೇಜಯನ ಯಜ್ಞಶಾಲೆಗೆ ಸರಮೆಯ ಮರಿಯೊಂದು ಬರಲು ಅರಸನ ತಮ್ಮಂದಿರು ಅದನ್ನು ಹೊಡೆದೋಡಿಸಿದರು. ಅದು ಅಳುತ್ತ ತಾಯಿಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿಯೂ ನೋಡಲಿಲ್ಲವೆಂದು ಹೇಳಿತು. ಸರಮೆಯು ಬಂದು ನ್ಯಾಯ ಕೇಳಿದಳು. ಉತ್ತರ ಕೊಡಲಾರದ ಅರಸನ ಕುಲಕ್ಕೆ ಕಾಣದ ಭಯವು ಬರಲೆಂದು ಶಪಿಸಿದಳು. ಇಲ್ಲಿ ಸರಮೆಯು ಎತ್ತಿದ ಪ್ರಶ್ನೆಯು ಜಾತಿಯದಲ್ಲ, ನಡತೆಯದು. ನನ್ನ ಮಗುವು ಮಾಡಿದ ಅಪರಾಧವೇನು? ಹವಿಸ್ಸಿಗೆ ಬಾಯಿ ಹಾಕಿದ್ದರೆ ದಂಡವು ನ್ಯಾಯ, ಹಾಕದಿದ್ದರೆ ಅನ್ಯಾಯ. ನಮ್ಮ ಕನ್ನಡನಾಡಿನಲ್ಲಿಯೇ ಕ್ರಿ. ಶ. 950ರ ಸುಮಾರಿಗೆ ಆತಕೂರಿನಲ್ಲಿ ಕಾಳಿಯೆಂಬ ನಾಯಿಗೆ ಕಲ್ಲು ನಿಲ್ಲಿಸಿದರು. ಅದು ಹಂದಿಯೊಡನೆ ಹೋರಾಡಿ ಮಡಿದಿತ್ತು. ಕೆಲಸದಿಂದ ನಾಯಿಯನ್ನು ಅಳೆಯುವುದು ನಮಗೆ ಹೊಸತಲ್ಲ.

"ನಮ್ಮ ಜಿಲ್ಹೆಯಲ್ಲಿ ಇಂಥ ನಾಯಿಗಳೆಲ್ಲಿವೆ? ಇಲ್ಲದ ನಾಯಿಗೆ ನಿಯಮವೇಕೆ?" ಎಂದು ಕೆಲವರು ನಕ್ಕಾರು. ನಿಜ, ಇಡೀ ದೇಶದಲ್ಲಿಯೇ ಅವು ಅತಿ ವಿರಳ. ಆದರೆ ವಿರಳವೇಕೆ? ಬಸ್ಸು ಹತ್ತಗೊಡದ, ಆಸ್ಪತ್ರೆಗೆ ಬಿಡದ, ಬೀದಿಯಲ್ಲಿ ಹತ್ತು ನಾಯಿಗಳು ಮುತ್ತುವ ಊರಿಗೆ ಎರಡು ವರ್ಷ ಕಷ್ಟಪಟ್ಟು ಕಲಿಸಿದ ನಾಯಿಯನ್ನು ಯಾರು ತಂದಾರು? ಸಂಕವಿಲ್ಲದ ಹೊಳೆಯ ಆಚೆಗೆ ಗಾಡಿ ಕಾಣಿಸುವುದಿಲ್ಲವೆಂದು ಸಂಕವೇ ಬೇಡವೆಂದರೆ ಹೇಗೆ?

ಆದುದರಿಂದ ನಾನು ಕೇಳುವುದು ಇಷ್ಟು. ರಾಜ್ಯ ಸರಕಾರವು ಸೇವಾಪ್ರಾಣಿಯ ಲಕ್ಷಣವನ್ನು ನಿಯಮದಿಂದ ಗೊತ್ತುಪಡಿಸಲಿ. ಬಾಗಿಲಲ್ಲಿ ನಿಂತವನು, ಅಮೆರಿಕೆಯ ನಿಯಮದಲ್ಲಿರುವಂತೆ, ಎರಡೇ ಪ್ರಶ್ನೆಗಳನ್ನು ಕೇಳಲಿ: "ಈ ನಾಯಿಯು ನಿಮ್ಮ ವೈಕಲ್ಯದ ಕಾರಣ ಬೇಕಾದುದೋ? ಯಾವ ಕೆಲಸವನ್ನು ಮಾಡಲು ಕಲಿತಿದೆ?" ಉತ್ತರ ಸರಿಯಾಗಿದ್ದರೆ ಬಸ್ಸು, ಆಸ್ಪತ್ರೆ, ಕಚೇರಿ, ಉಪಾಹಾರಗೃಹ ಎಲ್ಲೆಡೆಯೂ ಶುಲ್ಕವಿಲ್ಲದೆ ಪ್ರವೇಶವಿರಲಿ. ಒಳಗೆ ಹೋಗಿ ಬೊಗಳಿ ಮೈಮೇಲೆ ಬಿದ್ದರೆ, ಅಲ್ಲಿ ಹೊಲಸು ಮಾಡಿದರೆ, ಅದು ಯಾರದೇ ಆಗಲಿ ಹೊರಗೆ ನಡೆಯಲಿ. ಆ ನಿಯಮವೂ ಅಲ್ಲಿಯದೇ. ಸಾಂತ್ವನದ ಪ್ರಾಣಿಗೆ ಮಾಲಿಕನ ಒಪ್ಪಿಗೆಯೇ ದಾರಿಯಾಗಲಿ. ಒಪ್ಪುವವರು ಬೇಕಾದರೆ ಅಂಗಳದಲ್ಲಿ ಮೇಜು ಹಾಕಲಿ. ಪೇಟೆಯಲ್ಲಿ ಕೊಂಡ ಪತ್ರವು ಕಣ್ಣಿನ ಬದಲಾಗಿ ಸಲ್ಲಕೂಡದು.

ಆ ಉಪಾಹಾರಗೃಹದ ಮುಂದಿನಿಂದ ನಾನು ಈಗಲೂ ಹೋಗಿಬರುತ್ತೇನೆ. ಅಂದಿನಿಂದ ಅದರ ಗೋಡೆಯ ಮೇಲೆ "ನಾಯಿಗಳಿಗೆ ಪ್ರವೇಶವಿಲ್ಲ" ಎಂಬ ಹಲಗೆಯೊಂದು ತೂಗುತ್ತಿದೆ. ಯಜಮಾನನ ಮೇಲೆ ನನಗೆ ಸಿಟ್ಟಿಲ್ಲ. ಮಗುವಿನ ತಟ್ಟೆಯನ್ನು ಕಾಯುವುದು ಅವನ ಧರ್ಮ. ಆದರೆ ಆ ಹಲಗೆಯ ಕೆಳಗೆ ಇನ್ನೊಂದು ಸಾಲು ಬರೆಯಬೇಕಾಗಿದೆ: "ದಾರಿ ತೋರುವ ನಾಯಿಯ ಹೊರತು." ಅದನ್ನು ಬರೆಯುವವರೆಗೆ ನನ್ನ ಸ್ನೇಹಿತರು ಬಿಳಿಯ ಕೋಲನ್ನೂರಿಕೊಂಡು, ಹೆದ್ದಾರಿಯ ಅಂಚಿನಲ್ಲಿ ಯಾರಾದರೂ ಕೈಹಿಡಿದಾರೆಂದು ಕಾಯುತ್ತಲೇ ಇರಬೇಕು.