ಕೊಲ್ಹಾರ: ಮುಳುಗದ ಅಂಗಡಿಯ ನಷ್ಟ ಯಾರ ಲೆಕ್ಕಕ್ಕೆ?

ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ ಮತ್ತೆ ಚರ್ಚೆಯ ಮುನ್ನೆಲೆಗೆ ಬಂದಿದೆ. 2025ರ ಸೆಪ್ಟೆಂಬರ್ 16ರಂದು ನಡೆದ ವಿಶೇಷ ಸಚಿವ ಸಂಪುಟ ಸಭೆಯು, ಮುಳುಗಡೆಯಾಗಲಿರುವ 75,563 ಎಕರೆ ಜಮೀನಿಗೆ ಪರಿಹಾರದ ದರವನ್ನು ನಿಗದಿಪಡಿಸಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ. ಸಂತ್ರಸ್ತ ರೈತರ ದೀರ್ಘ ಹೋರಾಟಕ್ಕೆ ಸಂದ ಉತ್ತರವಿದು. ಆದರೆ ಅದೇ ರೈತರನ್ನು ನಂಬಿ ಬದುಕುವ ಕಿರಾಣಿ ಅಂಗಡಿ, ಬೀಜ-ಗೊಬ್ಬರದ ಮಳಿಗೆ, ಖಾನಾವಳಿ, ಕುಲುಮೆಗಳ ನಷ್ಟವನ್ನು ಎಕರೆಯಲ್ಲಿ ಅಳೆಯಲಾಗದು. ಹಿನ್ನೀರಿನ ದಂಡೆಯಲ್ಲಿರುವ ಕೊಲ್ಹಾರದಂಥ ಪಟ್ಟಣಗಳ ಸಣ್ಣ ವ್ಯಾಪಾರಿಗಳ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ನೀರು ಕಂಡ ಊರು

ಮುಳುಗಡೆ ಎಂಬುದು ಕೊಲ್ಹಾರಕ್ಕೆ ಹೊಸ ಮಾತಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಶಂಕುಸ್ಥಾಪನೆ ನೆರವೇರಿಸಿದ ಆಲಮಟ್ಟಿ ಅಣೆಕಟ್ಟೆಯನ್ನು 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದರು. ಈ ನಾಲ್ಕು ದಶಕಗಳ ನಡುವೆ ಕೃಷ್ಣೆಯ ದಂಡೆಯ ಹಳೆಯ ಕೊಲ್ಹಾರ ಹಿನ್ನೀರಿಗೆ ಸಿಲುಕಿತು. ಹೆದ್ದಾರಿಯ ಬದಿಯ ಎತ್ತರದ ನೆಲದಲ್ಲಿ ಹೊಸ ಊರು ತಲೆಯೆತ್ತಿತು. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಊರು, 2017-18ರ ರಾಜ್ಯ ಬಜೆಟ್‌ನಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಸಾಲಿನಲ್ಲಿ ಸ್ಥಾನ ಪಡೆದು ಈಗ ತಾಲ್ಲೂಕು ಕೇಂದ್ರವಾಗಿದೆ, ಪಟ್ಟಣ ಪಂಚಾಯಿತಿಯನ್ನೂ ಹೊಂದಿದೆ.

ಮನೆಗೆ ಬದಲು ಮನೆ, ನಿವೇಶನಕ್ಕೆ ಬದಲು ನಿವೇಶನ ದೊರೆಯಬಹುದು. ಅಂಗಡಿಗೆ ಬದಲು ಅಂಗಡಿ ಸಿಕ್ಕಿದ ಮಾತ್ರಕ್ಕೆ ವ್ಯಾಪಾರ ಸಿಕ್ಕಂತಾಗುವುದಿಲ್ಲ. ಯಾವ ಓಣಿಯವರು ಯಾವ ಅಂಗಡಿಗೆ ಬರುತ್ತಾರೆ, ಯಾರಿಗೆ ಎಷ್ಟು ಉದ್ರಿ ಕೊಡಬಹುದು, ಯಾವ ಸುಗ್ಗಿಗೆ ಯಾರು ಬಾಕಿ ತೀರಿಸುತ್ತಾರೆ ಎಂಬ ತಿಳಿವಳಿಕೆಯೇ ಸಣ್ಣ ವ್ಯಾಪಾರಿಯ ನಿಜವಾದ ಬಂಡವಾಳ. ಊರು ಚದುರಿದಾಗ ಮೊದಲು ಕರಗುವುದು ಈ ಬಂಡವಾಳವೇ. ನೆರೆಯ ಬಾಗಲಕೋಟೆಯ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ವಸತಿ, ಕಚೇರಿಗಳು ನವನಗರಕ್ಕೆ ಹೋದರೂ ಪೇಟೆಯ ಒಂದು ಭಾಗ ಹಳೆಯ ಊರಿನಲ್ಲಿಯೇ ಉಳಿದು, ವ್ಯಾಪಾರ ಎರಡು ಕಡೆ ಹಂಚಿಹೋಯಿತು.

ಗಡಿಗೆಯ ಹಿಂದಿನ ಸರಪಳಿ

ಕೊಲ್ಹಾರದ ಹೆಸರು ರಾಜ್ಯದ ಪ್ರಯಾಣಿಕರಿಗೆ ಪರಿಚಿತವಾಗಿರುವುದು ಮೊಸರಿನಿಂದ. ಎಮ್ಮೆಯ ಹಾಲನ್ನು ಚೆನ್ನಾಗಿ ಕಾಯಿಸಿ, ಆರಿಸಿ, ಹೆಪ್ಪು ಹಾಕಿ ಮಣ್ಣಿನ ಗಡಿಗೆಯಲ್ಲಿ ಇಡಲಾಗುತ್ತದೆ. ಗಡಿಗೆಯ ಮಣ್ಣು ನೀರಿನಂಶವನ್ನು ಹೀರಿಕೊಂಡು ಮೊಸರನ್ನು ಗಟ್ಟಿಯಾಗಿಸುತ್ತದೆ; ಹೊರಮೈಯ ತೇವ ಆರುತ್ತಿರುವಂತೆ ಒಳಗಿನ ಮೊಸರು ತಂಪಾಗಿಯೂ ಉಳಿಯುತ್ತದೆ. ಗಡಿಗೆ ಬೋರಲು ಹಾಕಿದರೂ ಮೊಸರು ಬೀಳದು ಎಂಬ ಖ್ಯಾತಿಯ ಗುಟ್ಟು ಇಷ್ಟೇ. ಹಿಂದೆ 218ನೇ ಸಂಖ್ಯೆಯಿದ್ದ, ಈಗ 52ನೇ ರಾಷ್ಟ್ರೀಯ ಹೆದ್ದಾರಿಯಾಗಿರುವ ವಿಜಯಪುರ-ಹುಬ್ಬಳ್ಳಿ ಮಾರ್ಗದಲ್ಲಿ ನಿಲ್ಲುವ ವಾಹನಗಳೇ ಇದರ ಮಾರುಕಟ್ಟೆ.

ಒಂದು ಗಡಿಗೆ ಮೊಸರಿನ ಹಿಂದೆ ಎಮ್ಮೆ ಸಾಕುವವರು, ಮೇವು ಬೆಳೆಯುವವರು, ಗಡಿಗೆ ಮಾಡುವ ಕುಂಬಾರರು, ಹೆಪ್ಪು ಹಾಕುವವರು, ಹೊತ್ತು ಮಾರುವವರು ಇದ್ದಾರೆ. ಇವರಲ್ಲಿ ಜಮೀನಿನ ಪಹಣಿ ಹೊಂದಿದವನಿಗೆ ಮಾತ್ರ ಪರಿಹಾರದ ಪಟ್ಟಿಯಲ್ಲಿ ಸುಲಭವಾಗಿ ಜಾಗ ಸಿಗುತ್ತದೆ. ಮೇವಿನ ನೆಲ ನೀರಿಗೆ ಹೋದರೆ ಮೊಸರು ಮಾರುವವಳ ಬುಟ್ಟಿಯೂ ಹಗುರಾಗುತ್ತದೆ; ಆದರೆ ಅವಳ ಮನೆ ಮುಳುಗಿರುವುದಿಲ್ಲ, ಅವಳ ಹೆಸರಿನಲ್ಲಿ ಎಕರೆಯೂ ಇರುವುದಿಲ್ಲ.

ಕಾನೂನು ಹೇಳುವುದೇನು

2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆಯು ಈ ವರ್ಗವನ್ನು ಪೂರ್ತಿ ಮರೆತಿಲ್ಲ. ಭೂಮಿ ಇಲ್ಲದಿದ್ದರೂ, ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಬಾಧಿತ ಪ್ರದೇಶದಲ್ಲಿ ದುಡಿಯುತ್ತಿದ್ದು ಪ್ರಮುಖ ಜೀವನಾಧಾರ ಕಳೆದುಕೊಳ್ಳುವ ಕುಟುಂಬವನ್ನು ಅದು 'ಬಾಧಿತ ಕುಟುಂಬ' ಎಂದೇ ಪರಿಗಣಿಸುತ್ತದೆ. ಕುಶಲಕರ್ಮಿ, ಸಣ್ಣ ವ್ಯಾಪಾರಿ, ಸ್ವಉದ್ಯೋಗಿಗಳಿಗೆ ಕನಿಷ್ಠ 25 ಸಾವಿರ ರೂಪಾಯಿಯ ಒಂದು ಬಾರಿಯ ನೆರವನ್ನು ಅದರ ಎರಡನೇ ಅನುಸೂಚಿ ವಿಧಿಸಿದೆ. ಗೂಡಂಗಡಿ ಅಥವಾ ದನದ ಕೊಟ್ಟಿಗೆಯ ಮರುನಿರ್ಮಾಣಕ್ಕೂ ಕನಿಷ್ಠ ಅಷ್ಟೇ ಮೊತ್ತವಿದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, 25 ಸಾವಿರ ಎಂಬುದು ಕೆಳಗಿನ ಮಿತಿಯೇ ಹೊರತು ಮೇಲಿನ ಮಿತಿಯಲ್ಲ. ಎಕರೆಯ ದರವನ್ನು ಸಂಪುಟದಲ್ಲಿ ಕುಳಿತು ನಿರ್ಧರಿಸಿದ ಸರ್ಕಾರ, ಅಂಗಡಿಯ ನೆರವನ್ನೂ ಕಾಲಕ್ಕೆ ತಕ್ಕಂತೆ ಏರಿಸಬಹುದು. ಎರಡನೆಯದು, ಈ ಸೌಲಭ್ಯವೆಲ್ಲ ಸರ್ಕಾರ ಅಧಿಸೂಚಿಸಿದ 'ಬಾಧಿತ ಪ್ರದೇಶ'ದೊಳಗಿನವರಿಗೆ ಮಾತ್ರ. ಸುತ್ತಲಿನ ಹಳ್ಳಿಗಳು ಸ್ಥಳಾಂತರವಾಗಿ, ಗಿರಾಕಿಗಳು ಬೇರೆ ಸಂತೆಗೆ ಹೊರಳಿದಾಗ ಬರಿದಾಗುವ ಪೇಟೆ ಆ ಗೆರೆಯ ಹೊರಗೆ ಉಳಿಯುತ್ತದೆ. ಮುಳುಗದ ಅಂಗಡಿಯ ನಷ್ಟಕ್ಕೆ ಕಾನೂನಿನಲ್ಲಿ ಹೆಸರಿಲ್ಲ.

ಕಾಯುವಿಕೆಯ ಬೆಲೆ

ಯೋಜನೆ ಯಾವಾಗ ಮುಗಿಯುತ್ತದೆ ಎಂಬ ಅನಿಶ್ಚಿತತೆ ಇನ್ನೊಂದು ಹೊರೆ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ನ್ಯಾಯಮಂಡಳಿ ಅಣೆಕಟ್ಟೆಯ ಎತ್ತರ ಹೆಚ್ಚಳಕ್ಕೆ ಸಮ್ಮತಿಸಿದ್ದು 2010ರ ಡಿಸೆಂಬರ್‌ನಲ್ಲಿ. ಅದರ ಮುಂದುವರಿದ ವರದಿ ಬಂದದ್ದು 2013ರಲ್ಲಿ. ನೆರೆ ರಾಜ್ಯಗಳ ತಕರಾರು ಸುಪ್ರೀಂ ಕೋರ್ಟ್‌ನಲ್ಲಿರುವುದರಿಂದ ಕೇಂದ್ರದ ಗೆಜೆಟ್ ಅಧಿಸೂಚನೆ ವರ್ಷಗಟ್ಟಲೆ ತಡೆಯಾಯಿತು. 2025ರಲ್ಲಿ ಮಹಾರಾಷ್ಟ್ರವೂ ಎತ್ತರ ಹೆಚ್ಚಳಕ್ಕೆ ಆಕ್ಷೇಪ ಎತ್ತಿತು. ಇಷ್ಟು ಕಾಲ ತೂಗುಯ್ಯಾಲೆಯಲ್ಲಿರುವ ಕಡೆ ಅಂಗಡಿಗೆ ಮಹಡಿ ಕಟ್ಟಿಸುವ, ದಾಸ್ತಾನು ಹೆಚ್ಚಿಸುವ ಧೈರ್ಯ ಯಾರಿಗೂ ಬಾರದು. ನೀರು ಬರುವ ಮೊದಲೇ ವ್ಯಾಪಾರ ಬತ್ತುವುದು ಹೀಗೆ.

ದಾಖಲೆಯ ಇಕ್ಕಟ್ಟು

ನಷ್ಟವನ್ನು ತೋರಿಸಬೇಕಾದರೆ ದಾಖಲೆ ಬೇಕು. ಸಣ್ಣ ವ್ಯಾಪಾರಿಗೆ ದಾಖಲೆಯೇ ಭಯ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ನೀಡಿದಾಗ, ರಾಜಧಾನಿಯ ಬೇಕರಿ, ಹಾಲಿನ ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಬರೆದರು. ಹಾಲು, ತರಕಾರಿಯಂಥ ತೆರಿಗೆರಹಿತ ವಸ್ತು ಮಾರುವವರು ಅಂಜಬೇಕಿಲ್ಲ ಎಂದು ಬಳಿಕ ಸರ್ಕಾರ ಭರವಸೆ ನೀಡಿತಾದರೂ ಹುಟ್ಟಿದ ಅನುಮಾನ ಪೂರ್ತಿ ಅಳಿಯುವಂಥದ್ದಲ್ಲ. ತೆರಿಗೆಗೆ ಹೆದರಿ ಲೆಕ್ಕದಿಂದ ದೂರ ಉಳಿದವನು, ಪರಿಹಾರದ ದಿನ ತನ್ನ ಅಂಗಡಿ ಇತ್ತೆಂದು ಸಾಬೀತುಪಡಿಸುವುದು ಹೇಗೆ? ಬಾಡಿಗೆ ಕರಾರಿಲ್ಲ, ಪರವಾನಗಿ ಇಲ್ಲ, ಉದ್ರಿ ಪುಸ್ತಕವೊಂದೇ ಸಾಕ್ಷಿ.

ಈ ಇಕ್ಕಟ್ಟನ್ನು ಬಿಡಿಸುವ ಸಾಧನ ಸ್ಥಳೀಯ ಆಡಳಿತದ ಕೈಯಲ್ಲಿಯೇ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಪ್ರತಿ ಪಟ್ಟಣದಲ್ಲಿ ವ್ಯಾಪಾರಿಗಳ ಸಮೀಕ್ಷೆ ನಡೆಸಿ ಪ್ರಮಾಣಪತ್ರ ನೀಡಬೇಕೆಂದು ಹೇಳುತ್ತದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನ ವ್ಯಾಪಾರಿಗಳ ಪ್ರತಿನಿಧಿಗಳಿಗೆ, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲು. ಹೆದ್ದಾರಿ ಬದಿಯ ಮೊಸರು ಮಾರಾಟಗಾರ್ತಿಗೆ ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ಹಾಗೆಯೇ 2013ರ ಕಾಯ್ದೆಯಡಿ ನಡೆಯುವ ಸಾಮಾಜಿಕ ಪರಿಣಾಮ ಅಧ್ಯಯನವು ಜೀವನೋಪಾಯ, ಗೋಮಾಳ, ಜಾನುವಾರುಗಳ ನೀರಿನ ಮೂಲಗಳ ಮೇಲಾಗುವ ಪರಿಣಾಮವನ್ನು ಪರಿಶೀಲಿಸಬೇಕು. ಸಾರ್ವಜನಿಕ ಅಹವಾಲು ಸಭೆಯೂ ನಡೆಯಬೇಕು. ಪೇಟೆಯವರ ಮಾತು ದಾಖಲಾಗಬೇಕಾದ ಜಾಗ ಅದು.

ಬೆಂಗಳೂರು, ಹುಬ್ಬಳ್ಳಿಯ ಓದುಗರಿಗೆ ಇದು ದೂರದ ಹಿನ್ನೀರಿನ ಸಂಗತಿಯೆನಿಸಬಹುದು. ಮೆಟ್ರೊ ಕಾಮಗಾರಿಗೆ, ರಸ್ತೆ ವಿಸ್ತರಣೆಗೆ ಗಿರಾಕಿ ಕಳೆದುಕೊಂಡ ಬಾಡಿಗೆ ಅಂಗಡಿಯವನ ಪ್ರಶ್ನೆಯೂ ಇದಕ್ಕಿಂತ ಭಿನ್ನವಲ್ಲ. ಮೂರನೇ ಹಂತದಿಂದ ರಾಜ್ಯಕ್ಕೆ ದಕ್ಕಬೇಕಾದ 130 ಟಿಎಂಸಿ ಅಡಿ ನೀರು ಉತ್ತರ ಕರ್ನಾಟಕದ ಹೊಲಗಳಿಗೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ನೀರಿನ ಬೆಲೆಯಲ್ಲಿ ಹೊಲದ ಜತೆಗೆ ಪೇಟೆಯ ಪಾಲೂ ಸೇರಿದೆ ಎಂಬುದನ್ನು ಒಪ್ಪಿ, ಕೊಲ್ಹಾರದಂಥ ಪಟ್ಟಣಗಳಲ್ಲಿ ಅಂಗಡಿ, ಕುಲುಮೆ, ಗಡಿಗೆಗಳ ಎಣಿಕೆಯನ್ನು ಈಗಲೇ ಆರಂಭಿಸುವುದು ಸರ್ಕಾರಕ್ಕೆ ದೊಡ್ಡ ಖರ್ಚಿನ ಕೆಲಸವೇನಲ್ಲ. ನೀರು ನಿಂತ ಮೇಲೆ ಎಣಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ.